ಸಹಾಯಧನ ಸರಿಯುವ ಬಗೆ: ಬಯಲುಸೀಮೆಯ ಒಂದು ಮನೆಯ ಲೆಕ್ಕ

ನಂದಿಯ ಬೆಟ್ಟಸಾಲು ನದಿಗಳ ತವರೆಂದು ಭೂಗೋಳದ ಪಾಠದಲ್ಲಿ ಓದಿದವರು ಚಿಕ್ಕಬಳ್ಳಾಪುರ ಜಿಲ್ಲೆಗೆ ಬಂದು ಆ ನದಿಗಳನ್ನು ಹುಡುಕಿದರೆ ನಿರಾಶರಾಗುವುದೇ ಹೆಚ್ಚು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂಬ ಹೆಸರುಗಳು ಸೇತುವೆಗಳ ಫಲಕದ ಮೇಲೆ ಉಳಿದಿವೆಯೇ ಹೊರತು, ವರ್ಷದ ಬಹುಭಾಗ ಆ ಸೇತುವೆಗಳ ಕೆಳಗೆ ನೀರೆಂಬುದಿರುವುದಿಲ್ಲ. ಈ ನಾಡಿನಲ್ಲಿ ಕುಡಿಯುವ ನೀರೂ, ಹಿಪ್ಪುನೇರಳೆಯ ತೋಟಕ್ಕೆ ಹಾಯುವ ನೀರೂ, ರೇಷ್ಮೆಗೂಡು ಬೇಯಿಸುವ ನೀರೂ ಬಹುಮಟ್ಟಿಗೆ ಭೂಗರ್ಭದಿಂದ ವಿದ್ಯುತ್ತಿನ ಬಲದಿಂದ ಮೇಲೆದ್ದು ಬಂದುದೇ ಆಗಿರುವುದರಿಂದ, ಬೇರೆ ಸೀಮೆಗಳಲ್ಲಿ ದೀಪಕ್ಕೂ ಫ್ಯಾನಿಗೂ ಸಂಬಂಧಿಸಿದ ವಿಷಯವೆನಿಸಿರುವ ವಿದ್ಯುತ್ ದರವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಅನ್ನ ನೀರಿನ ಪ್ರಶ್ನೆಯೇ ಆಗಿ ಪರಿಣಮಿಸಿದೆ.

ಸಹಾಯಧನ ಅಥವಾ ಎಲ್ಲರ ಬಾಯಲ್ಲಿರುವ ಸಬ್ಸಿಡಿ ಎಂದರೆ, ಒಂದು ವಸ್ತುವನ್ನು ಮನೆಯ ಬಾಗಿಲಿಗೆ ತಂದುಕೊಡಲು ತಗಲುವ ವೆಚ್ಚಕ್ಕೂ ಅದಕ್ಕಾಗಿ ಮನೆಯವರು ತೆರುವ ಬೆಲೆಗೂ ನಡುವಣ ಅಂತರವನ್ನು ಮತ್ತೊಬ್ಬರು ತುಂಬಿಕೊಡುವ ಏರ್ಪಾಡು. ಆ ಮತ್ತೊಬ್ಬರು ಸರ್ಕಾರದ ಬೊಕ್ಕಸವಾಗಿರಬಹುದು, ಹೆಚ್ಚು ದರ ಕೊಡುವ ಬೇರೊಂದು ವರ್ಗದ ಬಳಕೆದಾರರಾಗಿರಬಹುದು, ಅಥವಾ ಇಂದಿನ ಸಾಲವನ್ನು ನಾಳೆ ತೀರಿಸಬೇಕಾದ ಮುಂದಿನವರಾಗಿರಬಹುದು. ಇವರಾರೂ ಬೇರೆ ಲೋಕದವರಲ್ಲವಾದ್ದರಿಂದ, ಒಂದು ಕೈಯಲ್ಲಿ ಸಹಾಯಧನ ಪಡೆಯುವ ಸಂಸಾರವೇ ಮತ್ತೊಂದು ಕೈಯಲ್ಲಿ ಅದರ ಒಂದು ಪಾಲನ್ನು ತೆರುತ್ತಿರುವುದುಂಟು. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು: ಸಹಾಯಧನ ಬರುವಾಗ ಸಭೆ, ಸಮಾರಂಭ, ಭಾವಚಿತ್ರಗಳೊಂದಿಗೆ ಬರುತ್ತದೆ, ಹೋಗುವಾಗ ಮಾತ್ರ ಯಾರಿಗೂ ಹೇಳದೆ, ಬಿಲ್ಲಿನ ಯಾವುದೋ ಒಂದು ಸಣ್ಣ ಸಾಲಿನ ಮರೆಯಲ್ಲಿ ಸರಿದುಹೋಗುತ್ತದೆ. ಈ ಎರಡು ಮಾತುಗಳು ನಿಜವೆಂಬುದನ್ನು ಬಯಲುಸೀಮೆಯ ಸಾಧಾರಣ ಸಂಸಾರವೊಂದರ ಚೀಟಿಗಳನ್ನು ಮುಂದಿಟ್ಟುಕೊಂಡು ನೋಡೋಣ.

ಬಿಲ್ಲಿನ ಸಾಲುಗಳು

ವಿದ್ಯುತ್ತಿಗೂ ಈ ಸೀಮೆಗೂ ಇರುವ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಮೊದಲು ಹೋಗಿ ಮುಟ್ಟಿದ್ದು ರಾಜಧಾನಿಯನ್ನಲ್ಲ, ಅಂದಿನ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಆ ಗಣಿಗಳ ವಿದ್ಯುತ್ತಿಗೆ ಚ್ಯುತಿ ಬಾರದಿರಲೆಂಬುದು ಕನ್ನಂಬಾಡಿಯ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಆ ಕಟ್ಟೆಯ ಹಿಂದಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ್ದಾದರೋ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶಕ್ಕೆ ಇಂದು ವಿದ್ಯುತ್ತನ್ನು ಹಂಚುವುದು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ; ಅದರ ದರವನ್ನು ನಿರ್ಧರಿಸುವ ಅಧಿಕಾರವಿರುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ.

ಆಯೋಗವು ನಿರ್ಧರಿಸುವ ದರ ಒಂದೇ ಅಂಕೆಯಲ್ಲ. ಮನೆಯ ಬಿಲ್ಲಿನಲ್ಲಿ ಮಂಜೂರಾದ ಪ್ರತಿ ಕಿಲೋವಾಟಿಗೆ ಇಷ್ಟೆಂಬ ನಿಗದಿತ ಶುಲ್ಕವೊಂದು; ದೀಪ ಹಚ್ಚಲಿ, ಹಚ್ಚದಿರಲಿ, ಅದನ್ನು ತೆರಲೇಬೇಕು. ಉರಿದ ಯೂನಿಟ್ಟುಗಳಿಗೆ ಬಳಕೆಯ ಶುಲ್ಕ ಮತ್ತೊಂದು. ಕಲ್ಲಿದ್ದಲಿನ ಬೆಲೆಯೂ ಹೊರಗಿನಿಂದ ಕೊಳ್ಳುವ ವಿದ್ಯುತ್ತಿನ ಬೆಲೆಯೂ ಏರಿಳಿದಂತೆ ತಿಂಗಳು ತಿಂಗಳಿಗೆ ಬದಲಾಗುವ ಹೊಂದಾಣಿಕೆ ಶುಲ್ಕ ಮೂರನೆಯದು. ಸರ್ಕಾರದ ತೆರಿಗೆ ನಾಲ್ಕನೆಯದು. ವರ್ತಮಾನ ಪತ್ರಿಕೆಗಳ ತಲೆಬರಹಗಳು ಸಾಮಾನ್ಯವಾಗಿ ಎರಡನೆಯ ಸಾಲನ್ನು ಮಾತ್ರ ನೋಡಿ ದರ ಏರಿತೆಂದೋ ಇಳಿಯಿತೆಂದೋ ಸಾರುವುದರಿಂದ, ಉಳಿದ ಮೂರು ಸಾಲುಗಳಲ್ಲಿ ನಡೆಯುವ ವ್ಯವಹಾರ ಗೃಹಸ್ಥನ ಗಮನಕ್ಕೆ ಬಾರದೆ ಹೋಗುತ್ತದೆ.

ನಿದರ್ಶನಕ್ಕೆ 2025ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ದರವನ್ನೇ ತೆಗೆದುಕೊಳ್ಳಬಹುದು. ಮನೆಬಳಕೆಯ ಯೂನಿಟ್ಟಿನ ದರ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ಅದೇ ಆದೇಶದಲ್ಲಿ ನಿಗದಿತ ಶುಲ್ಕ ಕಿಲೋವಾಟಿಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿತು. ಎರಡು ಕಿಲೋವಾಟಿನ ಸಂಪರ್ಕವಿದ್ದು ತಿಂಗಳಿಗೆ ನೂರು ಯೂನಿಟ್ಟು ಸುಡುವ ಮನೆಗೆ ಮೊದಲನೆಯದರಿಂದ ಉಳಿದದ್ದು 10 ರೂಪಾಯಿ, ಎರಡನೆಯದರಿಂದ ಹೆಚ್ಚಿದ್ದು 50 ರೂಪಾಯಿ. ಇಷ್ಟು ಸಾಲದೆಂಬಂತೆ ಅದೇ ದಿನದಿಂದ ಯೂನಿಟ್ಟಿಗೆ 36 ಪೈಸೆಯ ಇನ್ನೊಂದು ಸಾಲು ಬಿಲ್ಲಿಗೆ ಸೇರಿತು. ಅದು ವಿದ್ಯುತ್ ಪ್ರಸರಣ ನಿಗಮ ಮತ್ತು ಸರಬರಾಜು ಕಂಪನಿಗಳ ನೌಕರರ ಪಿಂಚಣಿ, ಗ್ರ್ಯಾಚುಯಿಟಿಗಳ ಬಾಬ್ತಿನಲ್ಲಿ ಸರ್ಕಾರ ಕೊಡಬೇಕಾಗಿದ್ದ ಪಾಲನ್ನು ಬಳಕೆದಾರರಿಂದ ವಸೂಲು ಮಾಡುವ ಸಾಲು. ಸಬ್ಸಿಡಿಯನ್ನು ತೆಗೆದೆವೆಂದು ಯಾರೂ ಹೇಳಲಿಲ್ಲ; ಬೊಕ್ಕಸವು ಹೊರುತ್ತಿದ್ದ ಭಾರವೊಂದು ಮೀಟರಿನ ಮೇಲೆ ಬಂದು ಕುಳಿತದ್ದು ಮಾತ್ರ ನಿಜ.

ಸೊನ್ನೆಯ ಬಿಲ್ಲು

ಆದರೆ ಈ ಏರಿಕೆಯ ಬಿಸಿ ಬಹುಸಂಖ್ಯೆಯ ಮನೆಗಳಿಗೆ ತಟ್ಟಿಲ್ಲವೆಂಬುದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗದು. 2023ರ ಮೇ ತಿಂಗಳಲ್ಲಿ ಆಯೋಗವು ಯೂನಿಟ್ಟಿಗೆ ಸರಾಸರಿ 70 ಪೈಸೆಯ ಏರಿಕೆಗೆ ಒಪ್ಪಿಗೆಯಿತ್ತು, ಅದು ಏಪ್ರಿಲ್‌ನಿಂದಲೇ ಅನ್ವಯವಾಗಿ, ಜೂನ್ ತಿಂಗಳ ಬಿಲ್ಲುಗಳನ್ನು ಕಂಡು ಜನ ಗಾಬರಿಯಾಗಿದ್ದ ಹೊತ್ತಿನಲ್ಲಿಯೇ, ಹೊಸದಾಗಿ ಬಂದ ರಾಜ್ಯ ಸರ್ಕಾರವು ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದು 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ಉಚಿತ ವಿದ್ಯುತ್ತನ್ನು ಘೋಷಿಸಿತು. ಅಂದಿನಿಂದ ಈ ನಾಲ್ಕು ಊರುಗಳ ಓಣಿಗಳಲ್ಲಿ ಮೀಟರ್ ಓದುವ ಹುಡುಗ ಬಂದು ನಿಂತರೆ, ‘ನೋಡಪ್ಪಾ, ಈ ತಿಂಗಳೂ ಸೊನ್ನೆ ತಾನೆ ಬಂದಿರೋದು?’ ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ.

ಸೊನ್ನೆಯ ಹಿಂದಿನ ನಿಯಮವನ್ನು ತಿಳಿದವರು ಮಾತ್ರ ವಿರಳ. ಇನ್ನೂರು ಯೂನಿಟ್ಟೂ ಎಲ್ಲರಿಗೂ ಉಚಿತವೆಂಬುದು ತಪ್ಪು ತಿಳಿವಳಿಕೆ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಅದರ ಅರ್ಹತೆ. ಅರ್ಹತೆಯನ್ನು ಮೀರಿ, ಆದರೆ ಇನ್ನೂರರೊಳಗೆ ಬಳಸಿದವರು ಮೀರಿದಷ್ಟಕ್ಕೆ ಹಣ ತೆರಬೇಕು. ಇನ್ನೂರನ್ನು ದಾಟಿದವರು ಸಂಪೂರ್ಣ ಬಿಲ್ಲನ್ನೇ ತೆರಬೇಕು. ನೂರು ಯೂನಿಟ್ಟಿನ ಸರಾಸರಿಯಿದ್ದು 110 ಯೂನಿಟ್ಟಿನ ಅರ್ಹತೆಯುಳ್ಳ, ಎರಡು ಕಿಲೋವಾಟಿನ ಮನೆಯೊಂದು ಮಗಳ ಬಾಣಂತನದ ತಿಂಗಳಲ್ಲಿ ಸರಿಯಾಗಿ 200 ಯೂನಿಟ್ಟು ಬಳಸಿತೆನ್ನಿ: ಮೀರಿದ 90 ಯೂನಿಟ್ಟುಗಳಿಗೆ 2025ರ ದರದಲ್ಲಿ 522 ರೂಪಾಯಿ. ಬಾಣಂತಿಯ ಸ್ನಾನಕ್ಕೆ ಗೀಸರನ್ನು ಇನ್ನಷ್ಟು ಹೊತ್ತು ಹಾಕಿ 201 ಯೂನಿಟ್ಟಾಯಿತೆನ್ನಿ: ಬಳಕೆಗೆ 1,165 ರೂಪಾಯಿ 80 ಪೈಸೆ, ನಿಗದಿತ ಶುಲ್ಕ 290, ಒಟ್ಟು 1,455 ರೂಪಾಯಿ 80 ಪೈಸೆ. ತೆರಿಗೆ ಮೊದಲಾದವನ್ನು ಬಿಟ್ಟು ನೋಡಿದರೂ ಕೊನೆಯ ಆ ಒಂದೇ ಯೂನಿಟ್ಟಿನ ಬೆಲೆ 900 ರೂಪಾಯಿಯನ್ನು ಮೀರುತ್ತದೆ. ಬೇಸಗೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ ‘ಹೋದ ತಿಂಗಳು ಸೊನ್ನೆ, ಈ ತಿಂಗಳು ಒಂದೂವರೆ ಸಾವಿರ, ಮೀಟರೇ ಕೆಟ್ಟಿದೆ’ ಎಂದು ಬೆಸ್ಕಾಂ ಕಚೇರಿಯ ಮುಂದೆ ದೂರುವವರಲ್ಲಿ ಹಲವರ ಮೀಟರು ಕೆಟ್ಟಿರುವುದಿಲ್ಲ. ಅವರು ತಮಗರಿವಿಲ್ಲದೆ ಒಂದು ಹೊಸ್ತಿಲನ್ನು ದಾಟಿರುತ್ತಾರೆ.

ಇದಕ್ಕಿಂತ ಆಳವಾದ ಬದಲಾವಣೆಯೊಂದು ಸೊನ್ನೆಯ ಮರೆಯಲ್ಲಿ ನಡೆದುಹೋಗಿದೆ. 2023ರ ದರಪಟ್ಟಿಯಲ್ಲಿ ನೂರು ಯೂನಿಟ್ಟಿನೊಳಗೆ ಬಳಸುವ ಬಡಮನೆಗೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ, ನೂರನ್ನು ಮೀರಿದವರಿಗೆ 7 ರೂಪಾಯಿ ಎಂಬ ತಾರತಮ್ಯವಿತ್ತು. 2024ರ ಏಪ್ರಿಲ್‌ನಿಂದ ಆ ತಾರತಮ್ಯವನ್ನು ಅಳಿಸಿ ಎಲ್ಲ ಮನೆಗಳಿಗೂ 5 ರೂಪಾಯಿ 90 ಪೈಸೆಯ ಏಕದರವನ್ನು ಮಾಡಲಾಯಿತು. ಹೆಚ್ಚು ಬಳಸುವವರಿಗೆ 1 ರೂಪಾಯಿ 10 ಪೈಸೆ ಇಳಿಯಿತೆಂಬುದು ಸುದ್ದಿಯಾಯಿತು. ಕಡಿಮೆ ಬಳಸುವವರಿಗೆ 1 ರೂಪಾಯಿ 15 ಪೈಸೆ ಏರಿತೆಂಬುದು ಅವರ ಗಮನಕ್ಕೂ ಬರಲಿಲ್ಲ, ಏಕೆಂದರೆ ಅವರ ಬಿಲ್ಲನ್ನು ತೆರುತ್ತಿದ್ದುದು ಬೊಕ್ಕಸ. ಬಡವನ ಹೆಸರಿನಲ್ಲಿದ್ದ ಅಗ್ಗದ ಮೆಟ್ಟಿಲು ದರಪಟ್ಟಿಯಿಂದಲೇ ಹೊರಟುಹೋಗಿ, ಈಗ ಅವನಿಗೂ ಪೂರ್ಣ ದರಕ್ಕೂ ನಡುವೆ ನಿಂತಿರುವುದು ಒಂದು ಯೋಜನೆ ಮಾತ್ರ. ಆ ಯೋಜನೆ ಎಂದಾದರೂ ಕುಗ್ಗಿದರೆ, ಅಥವಾ ಬಾಡಿಗೆಯ ಮನೆ ಬದಲಿಸಿದ ಸಂಸಾರವೊಂದು ಹೊಸ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರಿಗೆ ತನ್ನ ಆಧಾರನ್ನು ಜೋಡಿಸುವುದನ್ನು ಮರೆತರೆ, ಒಂದು ಕಿಲೋವಾಟಿನ ಸಂಪರ್ಕದಲ್ಲಿ ಅರವತ್ತು ಯೂನಿಟ್ಟು ಬಳಸುವ ಮನೆಗೂ 2025ರ ದರದಲ್ಲಿ ತಿಂಗಳಿಗೆ 500 ರೂಪಾಯಿಗೆ ಮೇಲ್ಪಟ್ಟ ಬಿಲ್ಲು ಬರುತ್ತದೆ.

ಸದ್ದಿಲ್ಲದೆ ಹೋದ ಎರಡು ಸಹಾಯ

ಸಹಾಯಧನ ಹೇಗೆ ಸರಿಯುತ್ತದೆಂಬುದಕ್ಕೆ ಅಡಿಗೆಮನೆಗಿಂತ ಉತ್ತಮವಾದ ಸಾಕ್ಷಿಯಿಲ್ಲ. ಒಂದು ತಲೆಮಾರಿನ ಹಿಂದೆ ಹಳ್ಳಿಗಳಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗಾಗಿ ಡಬ್ಬಗಳ ಸಾಲು ನಿಲ್ಲುತ್ತಿತ್ತು. 2016ರ ಜುಲೈಯಿಂದ ಆ ಎಣ್ಣೆಯ ಬೆಲೆಯನ್ನು ಮೊದಲು ತಿಂಗಳಿಗೆ 25 ಪೈಸೆಯಂತೆ, ಬಳಿಕ ಹದಿನೈದು ದಿನಕ್ಕೊಮ್ಮೆ 25 ಪೈಸೆಯಂತೆ ಏರಿಸುತ್ತ ಹೋದರು. ಇಪ್ಪತ್ತೈದು ಪೈಸೆಗಾಗಿ ಮುಷ್ಕರ ಹೂಡುವವರುಂಟೆ? 2021-22ರ ಕೇಂದ್ರ ಆಯವ್ಯಯದ ವೇಳೆಗೆ ಸೀಮೆಎಣ್ಣೆಯ ಸಹಾಯಧನಕ್ಕೆ ಹಣವನ್ನೇ ತೆಗೆದಿರಿಸದಂತಾಗಿ, ದಶಕಗಳ ಒಂದು ವ್ಯವಸ್ಥೆ ಗದ್ದಲವಿಲ್ಲದೆ ಮುಗಿಯಿತು.

ಅಡಿಗೆ ಅನಿಲದ ಕಥೆ ಇನ್ನೂ ವಿಚಿತ್ರವಾದುದು. 2015ರ ಜನವರಿಯಿಂದ ದೇಶಾದ್ಯಂತ ಬಳಕೆದಾರರು ಸಿಲಿಂಡರಿಗೆ ಪೂರ್ತಿ ಬೆಲೆಯನ್ನು ಕೊಟ್ಟು ಕೊಳ್ಳುವುದು, ಸಬ್ಸಿಡಿಯ ಹಣ ಬ್ಯಾಂಕಿನ ಖಾತೆಗೆ ಬಂದು ಬೀಳುವುದು ಎಂಬ ಕ್ರಮ ಬಂತು. 2020ರ ಮೇ ತಿಂಗಳಲ್ಲಿ, ಕೋವಿಡಿನ ಲಾಕ್‌ಡೌನಿನ ಕಾಲದಲ್ಲಿ, ಜಗತ್ತಿನ ಮಾರುಕಟ್ಟೆಯಲ್ಲಿ ತೈಲದ ಬೆಲೆ ಕುಸಿದು, ಸಬ್ಸಿಡಿಯ ಸಿಲಿಂಡರಿಗೂ ಪೂರ್ಣ ಬೆಲೆಯ ಸಿಲಿಂಡರಿಗೂ ಭೇದವೇ ಇಲ್ಲದಂತಾದಾಗ ಖಾತೆಗೆ ಬರುವ ಹಣ ಸಹಜವಾಗಿಯೇ ನಿಂತಿತು. ಮುಂದೆ ಬೆಲೆ ಮತ್ತೆ ಏರಿತು. ನಿಂತ ಹಣ ಮಾತ್ರ ಸಾಮಾನ್ಯ ಬಳಕೆದಾರರಿಗೆ ಮತ್ತೆ ಬರಲಿಲ್ಲ. ಬೆಂಗಳೂರಿನ ಬೆಲೆಯಂತೆ 14.2 ಕಿಲೋ ಸಿಲಿಂಡರು 2023ರ ಮಾರ್ಚಿಯಲ್ಲಿ 1,105 ರೂಪಾಯಿ 50 ಪೈಸೆಯನ್ನು ಮುಟ್ಟಿತು. ಆ ವರ್ಷದ ಆಗಸ್ಟಿನಲ್ಲಿ 200 ರೂಪಾಯಿಯನ್ನೂ, 2024ರ ಮಾರ್ಚಿಯಲ್ಲಿ 100 ರೂಪಾಯಿಯನ್ನೂ ಇಳಿಸಿ, 2025ರ ಏಪ್ರಿಲ್‌ನಲ್ಲಿ 50 ರೂಪಾಯಿಯನ್ನು ಏರಿಸಲಾಯಿತು. ಉಜ್ವಲಾ ಯೋಜನೆಯ ಸಂಪರ್ಕವುಳ್ಳ ಬಡ ಮಹಿಳೆಯರಿಗೆ 2023ರ ಅಕ್ಟೋಬರಿನಿಂದ ಸಿಲಿಂಡರಿಗೆ 300 ರೂಪಾಯಿ ಖಾತೆಗೆ ಬರುತ್ತದೆ. ಅದರ ಹೊರಗಿರುವ ಹೂವಾಡಿಗಿತ್ತಿಗೂ, ಗಾರೆ ಕೆಲಸದವನಿಗೂ, ಕಾರಿನಲ್ಲಿ ಓಡಾಡುವ ಸಾಹುಕಾರನಿಗೂ ಒಂದೇ ಬೆಲೆ.

ಇದರ ಪರಿಣಾಮವನ್ನು ಕಾಣಲು ಗೌರಿಬಿದನೂರಿನ ಸುತ್ತಲಿನ ಹಳ್ಳಿಗಳ ಹಿತ್ತಲಿಗೆ ಹೋದರೆ ಸಾಕು. ಮನೆಯೊಳಗೆ ಕಟ್ಟೆಯ ಮೇಲೆ ಗ್ಯಾಸಿನ ಒಲೆ ಒಪ್ಪವಾಗಿಯೇ ಇರುತ್ತದೆ. ಕಾಫಿಗೂ ನೆಂಟರು ಬಂದಾಗಿನ ಅವಸರದ ಅಡಿಗೆಗೂ ಅದು. ಮುದ್ದೆಗೆ ಎಸರಿಡುವುದು, ಹುರುಳಿ ಬೇಯಿಸುವುದು, ಸ್ನಾನದ ನೀರು ಕಾಯಿಸುವುದು ಹಿತ್ತಲಿನ ಸೌದೆಯೊಲೆಯಲ್ಲಿ. ಸಿಲಿಂಡರು ಮನೆಗೆ ಬಂದಿದೆ, ಹೊಗೆ ಮನೆ ಬಿಟ್ಟು ಹೋಗಿಲ್ಲ.

ಶಿಡ್ಲಘಟ್ಟದ ರಾಟೆ

ಮನೆಯ ಖರ್ಚಿಗೂ ಕಸುಬಿನ ಖರ್ಚಿಗೂ ಗೆರೆ ಎಳೆಯುವುದು ಪಟ್ಟಣದ ನೌಕರರಿಗೆ ಸುಲಭ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರನಿಗೆ ಅಷ್ಟು ಸುಲಭವಲ್ಲ. ಊರಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ನಾಡಿನ ದೊಡ್ಡ ಗೂಡು ಮಾರುಕಟ್ಟೆಗಳಲ್ಲೊಂದು; ಅಲ್ಲಿ ಹರಾಜಿನಲ್ಲಿ ಕೊಂಡ ಗೂಡು ಬರುವುದು ಮನೆಗೆ ಅಂಟಿಕೊಂಡ ಶೆಡ್ಡಿಗೆ. ಕುದಿಯುವ ನೀರಿನಲ್ಲಿ ಬೆಂದ ಗೂಡುಗಳ ಮೇಲ್ಪದರವನ್ನು ಸರಿಸಿ, ಆವಿಯೇಳುವ ತೊಟ್ಟಿಯೊಳಕ್ಕೆ ಬೆರಳಿಟ್ಟು, ಕಣ್ಣಿಗೆ ಕಾಣದಷ್ಟು ನವಿರಾದ ಎಳೆಯ ತುದಿಯನ್ನು ಹಿಡಿದು, ಅಂತಹ ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಹತ್ತಿಸುವ ಹೆಂಗಸಿನ ಕೈಬೆರಳುಗಳು ದಿನವಿಡೀ ನೀರಿನಲ್ಲಿದ್ದು ಬಿಳಿಚಿಕೊಂಡಿರುತ್ತವೆ. ರಾಟೆಯನ್ನು ಹಿಂದೆ ತಿರುಗಿಸುತ್ತಿದ್ದುದು ಕೈ, ಇಂದು ಮೋಟಾರು. ಒಂದು ಕಿಲೋ ನೂಲಿಗೆ ಸುಮಾರು ಆರೇಳು ಕಿಲೋ ಗೂಡು ಬೇಕು. ಅದನ್ನು ಬೇಯಿಸಲು ಸೌದೆ ಬೇಕು. ತೊಟ್ಟಿಗೆ ನೀರು ಬೇಕು, ನೀರೆತ್ತಲು ಮತ್ತೆ ವಿದ್ಯುತ್ತು ಬೇಕು.

ಈ ಸಂಸಾರದ ಮನೆಯ ಮೀಟರಿಗೆ ಸೊನ್ನೆಯ ಬಿಲ್ಲು ಬರುತ್ತದೆ. ಗೋಡೆಯ ಆಚೆಯ ಶೆಡ್ಡಿನ ಮೀಟರಿಗೆ ಉದ್ಯಮದ ದರದ ಬಿಲ್ಲು ಬರುತ್ತದೆ. ವಿದ್ಯುತ್ ಹೋದರೆ ರಾಟೆ ನಿಂತು ಎಳೆ ಕಡಿಯುವುದರಿಂದ ಡೀಸೆಲ್ ಜನರೇಟರಿನ ಖರ್ಚು ಅದರ ಮೇಲೆ. 2014ರ ಅಕ್ಟೋಬರಿನಿಂದ ಡೀಸೆಲ್ಲಿಗೂ ಸಬ್ಸಿಡಿಯಿಲ್ಲ, ಅದನ್ನೂ ಅದಕ್ಕೆ ಮೊದಲು ತಿಂಗಳಿಗೆ 50 ಪೈಸೆಯಂತೆ ಏರಿಸುತ್ತಲೇ ಮುಗಿಸಿದರು. ಹೋಟೆಲಿನವನು ತನ್ನ ಖರ್ಚು ಏರಿದರೆ ದೋಸೆಯ ಬೆಲೆಯನ್ನು ಏರಿಸಿಯಾನು. ಬಿಚ್ಚಾಣಿಕೆದಾರನಿಗೆ ಆ ಅನುಕೂಲವಿಲ್ಲ. ಗೂಡಿನ ಬೆಲೆ ಹರಾಜಿನಲ್ಲಿ ನಿಶ್ಚಯವಾಗುತ್ತದೆ, ನೂಲಿನ ಬೆಲೆ ಕೊಳ್ಳುವವರ ಕೈಯಲ್ಲಿರುತ್ತದೆ. ನಡುವಿನ ಕಿರಿದಾದ ಸಂದಿನಲ್ಲಿ ಸೌದೆ, ವಿದ್ಯುತ್ತು, ಕೂಲಿಗಳೆಲ್ಲ ತೂರಿಕೊಳ್ಳಬೇಕು. ಮನೆಯಲ್ಲಿ ಉಳಿದದ್ದು ಶೆಡ್ಡಿನಲ್ಲಿ ಹೋಗುವುದೆಂದರೆ ಇದೇ.

ಸಾವಿರ ಅಡಿಯ ನೀರು

ಇನ್ನು ಈ ಸೀಮೆಯ ಅತಿ ದೊಡ್ಡ ಸಹಾಯಧನಕ್ಕೆ ಬರೋಣ. ಅದನ್ನು ಪಡೆದವರು ಅದರ ಬಿಲ್ಲನ್ನು ಕಣ್ಣಿನಿಂದ ಕಾಣುವುದೇ ಇಲ್ಲ. 2008ರಿಂದ ರಾಜ್ಯದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಈ ಪಂಪ್‌ಸೆಟ್ಟುಗಳದು. ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರಿಲ್ಲದ ಕಾರಣ ಅವುಗಳ ಬಳಕೆ ಒಂದು ಅಂದಾಜು ಮಾತ್ರ.

ಈ ಸಹಾಯದ ಭಾರ ಎಲ್ಲ ಊರುಗಳಲ್ಲೂ ಒಂದೇ ಆಗಿರುವುದಿಲ್ಲ. ಐವತ್ತು ಅಡಿಯ ಬಾವಿಯಿಂದ ಸಾವಿರ ಲೀಟರು ನೀರನ್ನೆತ್ತಲು, ಯಂತ್ರದ ಸೋರಿಕೆಯನ್ನು ಲೆಕ್ಕಿಸಿದರೂ, ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು ಸಾಕು. ಚಿಂತಾಮಣಿ, ಶಿಡ್ಲಘಟ್ಟಗಳ ಕಡೆ ಇಂದು ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ಅಷ್ಟು ಆಳದಿಂದ ಅದೇ ಸಾವಿರ ಲೀಟರನ್ನೆತ್ತಲು ಸುಮಾರು ಎರಡು ಯೂನಿಟ್ಟು ಬೇಕು. ಒಂದು ಎಕರೆ ಟೊಮೆಟೊ ತೋಟಕ್ಕೆ ಒಂದು ಅಂಗುಲದ ಆಳಕ್ಕೆ ನೀರು ನಿಲ್ಲುವಂತೆ ಒಮ್ಮೆ ಹಾಯಿಸುವುದೆಂದರೆ ಸುಮಾರು ಒಂದು ಲಕ್ಷ ಲೀಟರು, ಎಂದರೆ ಇನ್ನೂರು ಯೂನಿಟ್ಟು. ಮನೆಯೊಂದು ಇಡೀ ತಿಂಗಳು ದಾಟಬಾರದೆಂದು ಹೆದರುವ ಆ ಮಿತಿಯಷ್ಟೂ ತೋಟದಲ್ಲಿ ಒಂದು ಅಂಗುಲದ ನೀರಿನೊಳಗೆ ಕರಗಿಹೋಗುತ್ತದೆ. ಹನಿ ನೀರಾವರಿ ಈ ಸೀಮೆಯಲ್ಲಿ ಏಕೆ ಇಷ್ಟು ಹಬ್ಬಿತೆಂಬುದಕ್ಕೆ ಇದೊಂದು ಲೆಕ್ಕ ಸಾಕಾದೀತು. ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ ಒಂದು ಸಲಕ್ಕೆ 1,200 ರೂಪಾಯಿ. ಸಂತೆಗೆ ಹೋದ ಟೊಮೆಟೊ ಪೆಟ್ಟಿಗೆಗೆ ಕಿತ್ತ ಕೂಲಿಯೂ ಹುಟ್ಟದ ದಿನಗಳನ್ನು ಕಂಡಿರುವ ರೈತನಿಂದ ಆ ಹಣವನ್ನು ಕೇಳುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ, ಬರಬೇಕೆಂದೂ ಹೇಳಲಾಗದು.

ಆದರೆ ಬೆಲೆಯಿಲ್ಲದ ವಿದ್ಯುತ್ತು ಬಾವಿಯನ್ನು ಇನ್ನಷ್ಟು ಆಳಕ್ಕಿಳಿಸಲು ಉತ್ತೇಜನ ಕೊಡುವುದೂ, ಆಳ ಹೆಚ್ಚಿದಷ್ಟೂ ಸಹಾಯಧನದ ಭಾರ ಹೆಚ್ಚುವುದೂ, ಭಾರ ಹೆಚ್ಚಿದಷ್ಟೂ ಅದನ್ನು ಬೇರೆ ಸಾಲುಗಳಿಗೆ ಹೊರಿಸುವ ಒತ್ತಡ ಹೆಚ್ಚುವುದೂ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸಂಗತಿಗಳು. ನಗರಸಭೆಗಳೂ ಗ್ರಾಮ ಪಂಚಾಯತಿಗಳೂ ಅದೇ ಅಂತರ್ಜಲಕ್ಕೆ ಕೈಯೊಡ್ಡುವುದರಿಂದ, ಕುಡಿಯುವ ನೀರಿನ ಪಂಪುಗಳ ವಿದ್ಯುತ್ ಬಾಕಿ ಬೆಳೆಯುತ್ತ ಹೋಗಿ, ಕೊನೆಗೆ ನೀರಿನ ಕಂದಾಯವಾಗಿಯೋ, ವಾರಕ್ಕೊಮ್ಮೆ ಬರುವ ನಲ್ಲಿಯಾಗಿಯೋ, ಖಾಸಗಿ ಟ್ಯಾಂಕರಿನ ಬಾಡಿಗೆಯಾಗಿಯೋ ಮನೆಯ ಬಾಗಿಲಿಗೆ ಬರುತ್ತದೆ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಪಂಪು ಮಾಡಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆಯ ಗುಣದೋಷಗಳ ವಿಚಾರ ಏನೇ ಇರಲಿ, ಅದರ ಹಿಂದೆಯೂ ಇರುವುದು ವಿದ್ಯುತ್ತಿನ ಬಿಲ್ಲೇ.

ತೆರುವವರು ಯಾರು

2003ರ ವಿದ್ಯುಚ್ಛಕ್ತಿ ಕಾಯಿದೆಯ 65ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಯಾವುದೇ ವರ್ಗಕ್ಕೆ ಅಗ್ಗವಾಗಿ ವಿದ್ಯುತ್ತು ಕೊಡಬೇಕೆಂದು ಸರ್ಕಾರ ಬಯಸಿದರೆ, ಅದರ ಹಣವನ್ನು ಕಂಪನಿಗೆ ಮುಂಗಡವಾಗಿ ತುಂಬಿಕೊಡತಕ್ಕದ್ದು. ಸರ್ಕಾರಗಳು ಹಣ ಕೊಡುವುದು ತಡವಾದರೆ ಕಂಪನಿ ಸಾಲ ಮಾಡುತ್ತದೆ. ಆ ಸಾಲದ ಬಡ್ಡಿ ಒಂದಲ್ಲ ಒಂದು ರೂಪದಲ್ಲಿ ಮುಂದಿನ ದರಪಟ್ಟಿಯ ಲೆಕ್ಕಕ್ಕೆ ಬರುತ್ತದೆ. ಅದೇ ಕಾಯಿದೆ, ಒಂದು ವರ್ಗದಿಂದ ಹೆಚ್ಚಾಗಿ ಪಡೆದು ಇನ್ನೊಂದು ವರ್ಗಕ್ಕೆ ಅಗ್ಗವಾಗಿ ಕೊಡುವ ಪದ್ಧತಿಯನ್ನು ಕ್ರಮೇಣ ತಗ್ಗಿಸಬೇಕೆಂದೂ ವಿಧಿಸಿದೆ. ದೊಡ್ಡ ಕಾರ್ಖಾನೆಗಳು ಹೊರಗಿನಿಂದ ಸೌರವಿದ್ಯುತ್ತನ್ನು ನೇರವಾಗಿ ಕೊಳ್ಳುತ್ತ ಬೆಸ್ಕಾಮಿನಂತಹ ಕಂಪನಿಗಳಿಂದ ದೂರ ಸರಿಯುತ್ತಿರುವುದರಿಂದ, ಇಷ್ಟು ಕಾಲ ಮನೆಗಳ ಭಾರವನ್ನು ಹೊತ್ತಿದ್ದ ಒಂದು ಹೆಗಲು ತಾನಾಗಿಯೇ ಜಾರಿಕೊಳ್ಳುತ್ತಿದೆ. ನಿಗದಿತ ಶುಲ್ಕ ವರ್ಷವರ್ಷವೂ ಏರುವುದಕ್ಕೆ ಇದೂ ಒಂದು ಕಾರಣ.

ದರವನ್ನು ಏರಿಸದೆ ಕಾಲ ತಳ್ಳುವುದೂ ಪರಿಹಾರವಲ್ಲವೆಂಬುದಕ್ಕೆ ನೆರೆಯ ಶ್ರೀಲಂಕಾ ಸಾಕ್ಷಿ. ಅಲ್ಲಿ ಒಂಬತ್ತು ವರ್ಷ ವಿದ್ಯುತ್ ದರವನ್ನು ಏರಿಸದಿದ್ದು, ಬೊಕ್ಕಸ ಬರಿದಾದ 2022ರ ಆಗಸ್ಟಿನಲ್ಲಿ ಸರಾಸರಿ ಶೇಕಡ 75ರಷ್ಟು ಒಮ್ಮೆಗೇ ಏರಿಸಬೇಕಾಯಿತು. ಆ ಏರಿಕೆಯಲ್ಲಿ ಹೆಚ್ಚು ನಲುಗಿದವರು ಅದುವರೆಗೆ ಅತಿ ಅಗ್ಗವಾಗಿ ಪಡೆಯುತ್ತಿದ್ದ ಚಿಕ್ಕ ಮನೆಗಳವರೇ. ಹಾಗೆಂದು ಸಹಾಯಧನವೆಲ್ಲ ದುಂದು ಎಂಬ ಅರ್ಥಶಾಸ್ತ್ರಜ್ಞರ ಸಿದ್ಧವಾಕ್ಯವನ್ನು ಒಪ್ಪಬೇಕಾಗಿಲ್ಲ. ಕಲ್ಲಿನ ಸೀಮೆಯಲ್ಲಿ ಸಾವಿರ ಅಡಿ ಕೆಳಗಿನ ನೀರನ್ನು ಮಾರುಕಟ್ಟೆಯ ಬೆಲೆಗೇ ಎತ್ತಿಕೊಳ್ಳಿರೆಂದರೆ, ನಾಲೆಯ ನೀರನ್ನು ಹೆಸರಿಗೆ ಮಾತ್ರ ಕಂದಾಯ ತೆತ್ತು ಪಡೆಯುವ ಕಾವೇರಿ ತೀರದ ರೈತನಿಗೂ ಇವನಿಗೂ ನಡುವೆ ನ್ಯಾಯವೆಲ್ಲಿ ಉಳಿಯಿತು? ಪ್ರಶ್ನೆಯಿರುವುದು ಸಹಾಯ ಇರಬೇಕೆ ಬೇಡವೆ ಎಂಬುದರಲ್ಲಲ್ಲ. ಯಾರಿಗೆ, ಎಷ್ಟು, ಯಾರ ಹಣದಿಂದ ಎಂಬುದು ಎಲ್ಲರಿಗೂ ಕಾಣುವಂತಿದೆಯೆ ಎಂಬುದರಲ್ಲಿ.

ಭಾರವನ್ನು ವರ್ಗಾಯಿಸುವ ಬದಲು ಕಡಮೆ ಮಾಡುವ ದಾರಿಗಳೂ ಇಲ್ಲದಿಲ್ಲ. 2025ರ ಜೂನಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗೌರಿಬಿದನೂರು ತಾಲ್ಲೂಕಿನಲ್ಲಿ ಉದ್ಘಾಟಿಸಿದ ಕುಸುಮ್-ಸಿ ಸೌರ ಘಟಕ ಅಂತಹ ಒಂದು ಪ್ರಯತ್ನ. ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಹೋಗುವ ಮಾರ್ಗದ ಬಳಿಯಲ್ಲಿಯೇ ಬಿಸಿಲಿನಿಂದ ವಿದ್ಯುತ್ತನ್ನು ತೆಗೆದು ಹಗಲಿನಲ್ಲಿಯೇ ಹರಿಸಿದರೆ, ದೂರದಿಂದ ತರುವ ನಷ್ಟವೂ, ರೈತ ರಾತ್ರಿಯಲ್ಲಿ ತೋಟಕ್ಕೆ ಹೋಗಿ ಹಾವಿಗೂ ಚಿರತೆಗೂ ಹೆದರುವ ಕಷ್ಟವೂ, ಬೊಕ್ಕಸದ ಹೊರೆಯೂ ತಗ್ಗೀತೆಂಬುದು ಅದರ ಆಶಯ. ಮನೆಯ ಚಾವಣಿಯ ಮೇಲೆ ಸೌರಫಲಕ ಹಾಕಿಸಿಕೊಳ್ಳುವವರಿಗೆ 2024ರಿಂದ ಕೇಂದ್ರ ಸರ್ಕಾರ 78,000 ರೂಪಾಯಿಯವರೆಗೆ ಸಹಾಯಧನ ಕೊಡುತ್ತಿದೆ. ಸೊನ್ನೆಯ ಬಿಲ್ಲು ಬರುವಷ್ಟು ಕಾಲ ಅದರ ಗೊಡವೆ ಯಾರಿಗೆ ಬೇಕು? ಒಂದು ಸರ್ಕಾರದ ಸಹಾಯ ಮತ್ತೊಂದು ಸರ್ಕಾರದ ಸಹಾಯವನ್ನು ಹೀಗೆ ನಿಷ್ಪ್ರಯೋಜಕಗೊಳಿಸುವುದೂ ಉಂಟು.

ಗೃಹಸ್ಥನ ಕೈಯಲ್ಲಿರುವುದೇನೆಂದು ಕೇಳಿದರೆ, ಅದು ಅಲ್ಪವಾದರೂ ಇಲ್ಲವೆನ್ನುವಂತಿಲ್ಲ. ತನ್ನ ಅರ್ಹತೆ ಎಷ್ಟು ಯೂನಿಟ್ಟೆಂಬುದು ಬಿಲ್ಲಿನಲ್ಲಿಯೇ ಇರುತ್ತದೆ. ಅದನ್ನೂ ಇನ್ನೂರರ ಗಡಿಯನ್ನೂ ನೆನಪಿನಲ್ಲಿಟ್ಟುಕೊಂಡರೆ ಬೇಸಗೆಯ ಆಘಾತದಿಂದ ಪಾರಾಗಬಹುದು. ದರ ಏರಿಸಬೇಕೆಂಬ ಕಂಪನಿಯ ಅರ್ಜಿ ಬಂದಾಗ ಆಯೋಗವು ಆಕ್ಷೇಪಣೆಗಳನ್ನು ಆಹ್ವಾನಿಸಿ ಬಹಿರಂಗ ವಿಚಾರಣೆ ನಡೆಸತಕ್ಕದ್ದೆಂಬುದು ಕಾನೂನು. ಅಲ್ಲಿಗೆ ಕೈಗಾರಿಕೆಗಳ ಸಂಘಗಳು ವಕೀಲರನ್ನೂ ಲೆಕ್ಕಿಗರನ್ನೂ ಕಳುಹಿಸುತ್ತವೆ. ಬಿಚ್ಚಾಣಿಕೆದಾರರ ಸಂಘ, ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಗುಂಪುಗಳು ತಮ್ಮ ಬಿಲ್ಲುಗಳೊಂದಿಗೆ ಹೋಗಿ ನಿಂತರೆ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಅಲ್ಲಿ ಅವರು ಕೇಳಬೇಕಾದ ಮೊದಲ ಮಾತು ದರ ಇಳಿಸಿರೆಂಬುದಾಗಿರಬೇಕಿಲ್ಲ. ನೂರು ಯೂನಿಟ್ಟಿನೊಳಗಿನ ಬಡಮನೆಗೆ ಇದ್ದ ಅಗ್ಗದ ದರ ದರಪಟ್ಟಿಗೆ ಹಿಂದಿರುಗಲಿ, ಇನ್ನೂರರ ಗಡಿಯಲ್ಲಿ ಒಂದು ಯೂನಿಟ್ಟಿಗೆ 900 ರೂಪಾಯಿ ತೆರಿಸುವ ಏರ್ಪಾಡು ಹಂತಹಂತದ ಇಳಿಜಾರಾಗಿ ಮಾರ್ಪಡಲಿ, ಎಲ್ಲಕ್ಕೂ ಮಿಗಿಲಾಗಿ, ಕೊಡುವ ದಿನ ಹೆಸರು ಹೇಳಿ ಕೊಟ್ಟ ಸಹಾಯವನ್ನು ತೆಗೆಯುವ ದಿನವೂ ಹೆಸರು ಹೇಳಿಯೇ ತೆಗೆಯಲಿ ಎಂದು ಅವರು ಕೇಳಬಹುದು. ಬೊಕ್ಕಸ ಇಂಥ ಭಾರವನ್ನು ಇಂದಿನಿಂದ ಹೊರುವುದಿಲ್ಲ, ಅದು ಇಂಥ ಸಾಲಿನಲ್ಲಿ ನಿಮ್ಮ ಬಿಲ್ಲಿಗೆ ಬರುತ್ತದೆ ಎಂದು ಸ್ಪಷ್ಟವಾಗಿ ತಿಳಿಸಲು ಸರ್ಕಾರಕ್ಕೆ ಒಂದು ಪೈಸೆಯ ಖರ್ಚೂ ತಗಲದು. ತಿಳಿದ ಮೇಲೆ ಒಪ್ಪುವುದೋ ಪ್ರತಿಭಟಿಸುವುದೋ ಜನರಿಗೆ ಬಿಟ್ಟದ್ದು.